ಬಾಯಲ್ಲಿ ಚಿಕ್ಕಿ, ಮೈದಾನದಲ್ಲಿ ಮಕ್ಕಳು

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿದ ಮಾತ್ರಕ್ಕೆ ಅವರು ಮುಂದಕ್ಕೇ ಓಡುತ್ತಾರೆಂದು ಯಾರೂ ನಂಬಬಾರದು. ಕಲ್ಕತ್ತೆಯಲ್ಲಿರುವ ನಮ್ಮ ಕರಾವಳಿ ಕಡೆಯ ಕುಟುಂಬಗಳ ಮಕ್ಕಳಿಗೆ ಚಳಿಗಾಲದ ಭಾನುವಾರಗಳಲ್ಲಿ ಆಟ ಆಡಿಸುವ ಹೊಣೆ ನನ್ನದು. ವಾರಕ್ಕೊಂದು ಪ್ರಸಂಗ ತಪ್ಪಿದ್ದಿಲ್ಲ. ಬೆಳಿಗ್ಗೆ ಏಳಕ್ಕೆ ಮೈದಾನದ ಮೇಲೆ ಮಂಜು ಹಾಸಿರುತ್ತದೆ. ಮೇಯುವ ಕುದುರೆಗಳ ಕಾಲು ಕಾಣುವುದಿಲ್ಲ. ಬೆನ್ನು, ಕತ್ತು ಮಾತ್ರ ತೇಲುತ್ತಿರುತ್ತವೆ. ನೋಡುತ್ತ ನಿಂತರೆ ಯಾರಿಗಾದರೂ ಮೈಮರೆವು ಬರುತ್ತದೆ. ಆದ್ದರಿಂದಲೇ ಶಿಸ್ತು ಬೇಕು. ನಾನು ಕಾನ್ವೆಂಟಿನಲ್ಲಿ ಓದಿದವಳು.

೧. ಉಗುರು

ಮೊದಲ ಭಾನುವಾರ ಇಪ್ಪತ್ತು ಮಕ್ಕಳು ಬಂದರು. ಬಿಳಿ ಶೂ, ಕರವಸ್ತ್ರ, ಉಗುರು ಎಲ್ಲವನ್ನೂ ಒಬ್ಬೊಬ್ಬರದಾಗಿ ಪರೀಕ್ಷಿಸಿದೆ. ಮುಗಿಯುವಷ್ಟರಲ್ಲಿ ಮಂಜು ಕರಗಿ, ಮುರಿ ಎಂಬ ಇಲ್ಲಿಯ ಮಂಡಕ್ಕಿ ಮಾರುವವನೂ ಬಂದು ನಿಂತಿದ್ದ. ಐದು ವರ್ಷದವನೊಬ್ಬ ನನ್ನ ಸೀರೆ ಜಗ್ಗಿ ಕೇಳಿದ, "ಅಜ್ಜಿ, ಆಟ ಮುಗೀತಾ? ಗೆದ್ದದ್ದು ಯಾರು?"

ನ್ಯಾಯವಾಗಿ ಅವನೇ ಗೆದ್ದಿದ್ದ. ಅಷ್ಟು ಶುಭ್ರವಾದ ಉಗುರು ಬೇರೆ ಯಾರದೂ ಇರಲಿಲ್ಲ.

೨. ಮೊದಲ ಸ್ಥಾನ

ನಮ್ಮ ಗಂಡಸರು ಬಿಬಿಡಿ ಬಾಗ್ ಕಡೆಯ ಬ್ಯಾಂಕುಗಳಲ್ಲಿ ಪಿಸುದನಿಯಲ್ಲೇ ಕೆಲಸ ಮಾಡುವವರು. ಮೈದಾನಕ್ಕೆ ಬಂದರೆ ಮಾತ್ರ ಎಲ್ಲಿಲ್ಲದ ಗಂಟಲು. ಒಬ್ಬ ಮ್ಯಾನೇಜರು ಮಗಳ ಪಕ್ಕದಲ್ಲೇ "ಕೈ ಬೀಸು, ಕೈ ಬೀಸು" ಎನ್ನುತ್ತ ಓಡಿ, ಅವಳಿಗಿಂತ ಮೊದಲು ಗೆರೆ ದಾಟಿದರು. ಮಗಳು ನಿಧಾನವಾಗಿ ನಡೆದು ಬಂದು, "ಪಪ್ಪಾ, ಮೆಡಲ್ ನೀವೇ ಇಟ್ಕೊಳ್ಳಿ" ಎಂದಳು. ಅವರು ನಿಜವಾಗಿಯೂ ನನ್ನ ಕಡೆಗೆ ಕತ್ತು ಬಗ್ಗಿಸಿದರು.

ವಾರಗಳು ಕಳೆದಂತೆ ಇಪ್ಪತ್ತು ಮಕ್ಕಳು ಹನ್ನೊಂದಾಗಿದ್ದರು. ಅಂದು ಬಸ್ಸಿನಲ್ಲಿ ನನ್ನ ಎಂಟು ವರ್ಷದ ಮೊಮ್ಮಗಳು ಕಿಟಕಿಯಾಚೆ ನೋಡುತ್ತ ಹೇಳಿದಳು, "ಅಜ್ಜಿ, ನೆಕ್ಸ್ಟ್ ಸಂಡೇ ನಾನು ಬರುದಿಲ್ಲ. ಎಲ್ಲರೂ ಶೌಟ್ ಮಾಡ್ತಾರೆ. ನೀವೂ."

ಕೊನೆಯ ಮಾತು ಅಲಿಪುರದ ಮನೆ ತಲುಪುವವರೆಗೂ ಕಿವಿಯಲ್ಲಿತ್ತು. ಆಮೇಲೆ ನಾನು ಮಾತು ಕೊಟ್ಟೆ: "ಇನ್ನೊಂದು ವಾರ ಬಾ. ಒಬ್ಬರು ಕೂಗಿದರೂ ಮತ್ತೆ ನಿನ್ನನ್ನು ಕರೆಯುವುದಿಲ್ಲ."

೩. ನಿಯಮ

ಮನೆಯಲ್ಲೇ ಕಲ್ಲಿನಂಥ ಶೇಂಗಾ ಚಿಕ್ಕಿ ಮಾಡಿ, ಡಬ್ಬಿ ತುಂಬಿಕೊಂಡು ಹೋದೆ. ಓಟ ಶುರುವಾದಾಗ ದೊಡ್ಡವರೆಲ್ಲ ಒಂದೊಂದು ತುಂಡು ಬಾಯಿಗೆ ಹಾಕಿಕೊಳ್ಳಬೇಕು. ಓಟ ಮುಗಿಯುವವರೆಗೆ ಅಗಿಯುವಂತಿಲ್ಲ, ಮಾತಾಡುವಂತಿಲ್ಲ.

"ಅಮ್ಮ, ನನಗೆ ಶುಗರ್ ಉಂಟಲ್ಲ" ಎಂದರು ಒಬ್ಬ ಕ್ಯಾಷಿಯರು.

"ಹಾಗಾದರೆ ಬಾಯಿ ತುಂಬ ನೀರು ಹಿಡಿಯಿರಿ. ನುಂಗಬೇಡಿ."

ಗೋಣಿಚೀಲದ ಓಟದಲ್ಲಿ ಅವರ ಮಗ ಉರುಳಿ ಬಿದ್ದ. ಬಿದ್ದಲ್ಲೇ ಮಲಗಿ ಕಿಲಕಿಲ ನಕ್ಕ. ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ ಮಫ್ಲರ್ ಪೂರ್ತಿ ಒದ್ದೆಯಾಯಿತು. ಆದರೆ ಕ್ಯಾಷಿಯರ ಬಾಯಿಂದ ಒಂದು ಮಾತೂ ಹೊರಬರಲಿಲ್ಲ.

೪. ಹಲ್ಲು

ಅಂದೇ ಕೊನೆಯದಾಗಿ ಚಮಚ–ಲಿಂಬೆಹಣ್ಣಿನ ಓಟ. ಮೈದಾನ ಎಷ್ಟು ಮೌನವಾಗಿತ್ತೆಂದರೆ ಗಂಗೆಯ ಮೇಲಿನ ಲಾಂಚಿನ ಸದ್ದು ಕೇಳುತ್ತಿತ್ತು. ಮೊಮ್ಮಗಳು ಎಲ್ಲರಿಗಿಂತ ಮುಂದಿದ್ದಳು. ಆಗ ಇನ್ನೂ ಕರಗದ ಮಂಜಿನೊಳಗಿಂದ ಒಂದು ಬಿಳಿ ಕುದುರೆ ಕನಸಿನಲ್ಲಿ ಬಂದಂತೆ ಬಂದು ಅವಳೆದುರು ನಿಂತಿತು. ಅವಳೂ ನಿಂತಳು. ಚಮಚವನ್ನು ಮೆಲ್ಲಗೆ ಅದರ ಮೂಗಿನ ಹತ್ತಿರ ಹಿಡಿದಳು.

ಸೀಟಿ ಊದುವವಳೆಂದು ನಾನು ಚಿಕ್ಕಿ ಹಾಕಿಕೊಂಡಿರಲಿಲ್ಲ.

"ಎಂತ ನೋಡ್ತಾ ನಿಂತದ್ದು? ಓಡು, ಬದಿಯಿಂದ ಓಡು."

ಕಾನ್ವೆಂಟಿನ ಕಂಠ, ನದಿಯವರೆಗೆ ಹೋಗಿರಬೇಕು. ಮಕ್ಕಳೆಲ್ಲ ನಿಂತರು. ಚಿಕ್ಕಿ ತುಂಬಿದ ಕೆನ್ನೆಗಳೆಲ್ಲ ನನ್ನ ಕಡೆ ತಿರುಗಿದವು. ಮೊಮ್ಮಗಳು ಲಿಂಬೆಹಣ್ಣು ಬೀಳಿಸದೆ ನಡೆದು ಬಂದು, ಡಬ್ಬಿಯಿಂದ ಅತಿ ದೊಡ್ಡ ತುಂಡನ್ನು ಆರಿಸಿದಳು.

"ಅಜ್ಜಿ, ಬಾಯಿ ತೆರೀರಿ."

ತೆರೆದೆ. ನಾಚಿಕೆಯಿಂದ ಗಟ್ಟಿಯಾಗಿ ಕಚ್ಚಿದೆ. ಮೇಲಿನ ಕಟ್ಟಿಸಿದ ಹಲ್ಲಿನ ಸೆಟ್ಟು ಚಿಕ್ಕಿಗೆ ಅಂಟಿಕೊಂಡು, ಎಳೆದಾಗ ಚಿಕ್ಕಿಯ ಜೊತೆಗೇ ನನ್ನ ಕೈಗೆ ಬಂತು. ಅತ್ತ ಲಿಂಬೆಯ ವಾಸನೆಗೆ ಕುದುರೆಯೂ ತುಟಿ ಮೇಲೆತ್ತಿ ತನ್ನ ಹಲ್ಲನ್ನೆಲ್ಲ ತೋರಿಸಿತು. ಮಕ್ಕಳು ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ನಕ್ಕರು. ಹಲ್ಲಿಲ್ಲದ ಬಾಯಲ್ಲಿ ಹೆಸರು ಕೂಗಲಾಗದೆ, ಬಹುಮಾನಗಳನ್ನು ನಾನು ಕೈಸನ್ನೆಯಲ್ಲೇ ಹಂಚಿದೆ.

ಬಸ್ಸಿನಲ್ಲಿ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದು, ಕೊಟ್ಟ ಮಾತು ನೆನೆದು ತಲೆ ತಗ್ಗಿಸಿ ಕುಳಿತಿದ್ದೆ. ಮೊಮ್ಮಗಳು ನನ್ನ ಭುಜಕ್ಕೆ ಒರಗಿದಳು.

"ನೆಕ್ಸ್ಟ್ ಸಂಡೇ ನಾನು ಬರ್ತೇನೆ ಅಜ್ಜಿ. ಆದ್ರೆ ನೀವು ಹಲ್ಲು ಮನೆಯಲ್ಲೇ ಇಟ್ಟು ಬನ್ನಿ."