ಗಡ್ಡ, ಜುಟ್ಟು ಮತ್ತು ಪೊಲೀಸ್ ಕ್ಯಾಂಪು

ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕಾಲು ಕಟ್ಟಿಸಿಕೊಂಡು ಬುಟ್ಟಿಯಲ್ಲಿ ಬರುತ್ತವೆ. ನಾನು ಮಲಯಾಳ ಸೀಮೆಯ ಮಾನಂದವಾಡಿಯಲ್ಲಿ ಅಟೆಂಡರ್ ಆಗಿದ್ದದ್ದು ನಕ್ಸಲರ ಗದ್ದಲದ ಕಾಲದಲ್ಲಿ. ಬಡವರು ಭೂಮಿ ಕೇಳಿದರು. ಸರ್ಕಾರ ಕೋಳಿಮರಿ ಕೊಟ್ಟಿತು.

೧. ತಲೆ ಎತ್ತಿದರೆ ಗಂಡು

ಬಂದದ್ದು ಬಿಳಿ ಮಿಶ್ರತಳಿ ಮರಿಗಳು. ಮೊಟ್ಟೆ ಬೇಕಾದ್ದರಿಂದ ಎಲ್ಲರೂ ಕೇಳುತ್ತಿದ್ದದ್ದು ಹೇಂಟೆಯನ್ನೇ. ನಮ್ಮ ಡಾಕ್ಟರು ಮರಿಯ ಕಾಲು ಹಿಡಿದು ತಲೆಕೆಳಗಾಗಿ ತೂಗಿಸಿ, “ತಲೆ ಎತ್ತಿದರೆ ಗಂಡು, ಜೋತುಬಿಟ್ಟರೆ ಹೆಣ್ಣು” ಎಂದರು. ತೃಶ್ಶಿಲೇರಿಯಿಂದ ಬಂದಿದ್ದ ನನ್ನ ಅತ್ತೆಗೆ ಅನುಮಾನ. ಹೆಣ್ಣೆಂದು ಕೊಟ್ಟ ಮರಿಯನ್ನೇ ಮತ್ತೆ ತೂಗಿಸಿ ನೋಡಿದಳು. ಅದು ತಲೆ ಎತ್ತಿತು.

“ಇದೇನು ಸಾರೇ, ಆಗ ಹೆಣ್ಣು ಅಂದ್ರಲ್ಲ?”

ಡಾಕ್ಟರು ಗಂಭೀರವಾಗಿ ಹೇಳಿದರು: “ಏನು ಮಾಡೋದು, ಈ ಕಡೆ ಈಗ ಎಲ್ಲರೂ ತಲೆ ಎತ್ತುತ್ತಿದ್ದಾರೆ.”

೨. ಕೂಗದ ಹುಂಜ

ಅತ್ತೆ ಒಯ್ದ ಮರಿಗಳಲ್ಲಿ ಕೀರಿ, ಗಿಡುಗಗಳ ಪಾಲು ಹೋಗಿ ಒಂದು ಉಳಿಯಿತು. ಅದು ಬೆಳೆದಂತೆ ಕೆಂಪು ಜುಟ್ಟು ಕಣ್ಣ ಮೇಲೆ ಬೀಳುವಷ್ಟು ದೊಡ್ಡದಾಯಿತು. ನಾಡಕೋಳಿಯಲ್ಲಿ ಹೇಂಟೆಯ ಜುಟ್ಟು ಉಗುರಿನಷ್ಟಿರುತ್ತದೆ. ಅಷ್ಟು ದೊಡ್ಡ ಜುಟ್ಟಿದ್ದ ಮೇಲೆ ಹುಂಜವೇ ಎಂದು ಅತ್ತೆ ತೀರ್ಮಾನಿಸಿದಳು. ನನಗೂ ಹಾಗೆಯೇ ಕಂಡಿತು.

“ಆದರೆ ಕೂಗೋದೇ ಇಲ್ವಲ್ಲ ಅತ್ತೆ?”

“ಇಸ್ಕೂಲಲ್ಲಿ ಪೊಲೀಸರು ಕ್ಯಾಂಪು ಹಾಕವ್ರೆ. ನಿನ್ನ ಮಾವನೇ ಹೆದರಿ ಕೆಮ್ಮೋದು ಬಿಟ್ಟವ್ನೆ. ಇದೇನು ಕೂಗ್ತದೆ?”

೩. ಒಂದೇ ನೋಟ

ಕ್ಯಾಂಪು ಬಂದ ದಿನವೇ ಅತ್ತೆಯ ಊರಿನ ಕ್ಷೌರದವನು ಹೆದರಿ ಗಡಿಯಾಚೆಯ ಕುಟ್ಟದ ಬಸ್ಸು ಹತ್ತಿದ್ದ. ತಿಂಗಳೊಳಗೆ ಗಂಡಸರಿಗೆಲ್ಲ ಗಡ್ಡ ಬಂತು. ಗಡ್ಡ ಕಂಡ ಇನ್ಸ್‌ಪೆಕ್ಟರಿಗೆ ಊರು ತುಂಬ ನಕ್ಸಲರೇ ಕಾಣತೊಡಗಿದರು. ಮೆಣಸಿನ ಬಳ್ಳಿ ಕಟ್ಟುತ್ತಿದ್ದ ಮಾವನನ್ನು ಏಣಿಯಿಂದ ಇಳಿಸಿ ಕರೆದೊಯ್ದರು.

ಆಗ ಹಾಗೆ ಹೋದವರೆಲ್ಲ ತಮ್ಮ ಕಾಲ ಮೇಲೆ ವಾಪಸು ಬರುತ್ತಿರಲಿಲ್ಲ. ಅತ್ತೆ, ಗಂಡ ನಡೆದುಕೊಂಡು ಮನೆಗೆ ಬಂದರೆ ಬಿಳಿ ಹುಂಜ ಕೊಡುತ್ತೇನೆಂದು ಹಿತ್ತಲ ದೈವ ಗುಳಿಗನಿಗೆ ಹರಕೆ ಹೊತ್ತಳು.

ನಾನು ಕ್ಯಾಂಪಿಗೆ ಹೋಗಿ ಅಂಗಲಾಚಿದೆ. “ನನಗೆ ಒಂದೇ ನೋಟ ಸಾಕು. ಗಡ್ಡವೇ ಹೇಳುತ್ತದೆ” ಎಂದರು ಇನ್ಸ್‌ಪೆಕ್ಟರು.

“ಕ್ಷೌರದವನು ಊರು ಬಿಟ್ಟು ಓಡಿಹೋದ, ಸಾರೇ.”

“ಹಾಗಾದರೆ ಅವನೂ ಅವರ ಕಡೆಯವನೇ.”

ನಾನು ಏಳುವಾಗ ದನಿ ತಗ್ಗಿಸಿ, “ಒಳ್ಳೆ ಪೂವನ್ ಇದ್ದರೆ ತಾ, ವಿಚಾರಿಸೋಣ” ಎಂದರು. ಮಲಯಾಳದಲ್ಲಿ ಪೂವನ್ ಎಂದರೆ ಹುಂಜ.

೪. ಟೋಪಿ

ದೈವಕ್ಕೆ ಹೇಳಿಕೊಂಡದ್ದನ್ನು ಪೊಲೀಸರಿಗೆ ಕೊಡುವುದು ಸರಿಯೇ ಎಂದು ನಾನು ಹಿಂಜರಿದೆ. “ಗುಳಿಗ ನಾಕು ದಿನ ಕಾಯ್ತಾನೆ, ಇವರು ಕಾಯಲ್ಲ” ಎಂದು ಅತ್ತೆ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

ಇನ್ಸ್‌ಪೆಕ್ಟರು ಜುಟ್ಟು ಎತ್ತಿ ನೋಡಿ, “ಅಸಲು ಪೂವನ್. ನನ್ನ ಕಣ್ಣು ತಪ್ಪುವುದಿಲ್ಲ” ಎಂದರು. ಪೊಲೀಸಿನವನೊಬ್ಬ ಅದನ್ನು ಬೆಂಚಿನ ಕಾಲಿಗೆ ಬಾಳೆನಾರಿನಿಂದ ಕಟ್ಟಿದ. ಮಾವನನ್ನು ತಂದು ನಿಲ್ಲಿಸಿದರು. ಗಡ್ಡದೊಳಗೆ ತುಟಿ ಒಡೆದಿತ್ತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಿನ್ನ ಗುಂಪಿನವರು ಯಾರು ಯಾರು, ಹೇಳು” ಎಂದು ಇನ್ಸ್‌ಪೆಕ್ಟರು ಗದರಿದರು. ಕೋಳಿ ಆ ಸದ್ದಿಗೆ ಬೆಂಚು ಹತ್ತಿ, ಅಲ್ಲಿ ಬೋರಲು ಇಟ್ಟಿದ್ದ ಅವರ ಟೋಪಿಯನ್ನು ಮಗುಚಿ, ಅದರೊಳಗೆ ಕೂತುಬಿಟ್ಟಿತು. ಆಮೇಲೆ ಎದ್ದು ನಿಂತು ಊರಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ ಎಂದಿತು. ಟೋಪಿಯಲ್ಲಿ ಬಿಳಿ ಮೊಟ್ಟೆ.

ಅತ್ತೆ ಕೈಮುಗಿದಳು. “ಜುಟ್ಟು ನೋಡಿ ನಾನೂ ಮೋಸ ಹೋದೆ ಸಾರೇ, ನೀವೂ ಹೋದ್ರಿ. ಗಡ್ಡದ್ದೂ ಹಂಗೇ ಇರಬೋದು, ಇನ್ನೊಂದ್ಸಲ ನೋಡಿ.”

ಸಾಲಾಗಿ ನಿಂತಿದ್ದ ಪೊಲೀಸರೆಲ್ಲ ಒಟ್ಟಿಗೆ ಕೆಮ್ಮತೊಡಗಿದರು. ಇನ್ಸ್‌ಪೆಕ್ಟರು ಟೋಪಿಯನ್ನೇ ನೋಡುತ್ತ, “ಕರೆದುಕೊಂಡು ಹೋಗಿ” ಎಂದರು.

ನಾವು ಕೋಳಿಯ ಕಟ್ಟು ಬಿಚ್ಚಲು ಬಗ್ಗಿದೆವು.

“ಅವನನ್ನು ಹೇಳಿದ್ದು” ಎಂದರು ಇನ್ಸ್‌ಪೆಕ್ಟರು. “ಅದು ಇಲ್ಲೇ ಇರಲಿ. ವೇಷ ಮರೆಸಿಕೊಂಡು ಬಂದದ್ದು ಅದೊಂದೇ.”