ಟೆಂಪೋದೊಳಗಿನ ಚಿರತೆ

ಐನಾಪುರದ ಚಂದ್ರಮತಿಬಾಯಿ ಶೇಂಗಾ ಹೋಳಿಗೆ ಆರಲೆಂದು ಮಾಳಿಗೆಯ ಮೇಲೆ ಬಿಳಿ ಧೋತರ ಹಾಸಿ ಹರವಿದ್ದೇ ಎಲ್ಲ ಅನಾಹುತಕ್ಕೆ ಮೂಲ. ಹೋಳಿಗೆ ಮಾಡಿದ್ದು ಮಗ ಶ್ರೇಣಿಕನನ್ನು ನೋಡಲು ನಿಪ್ಪಾಣಿಯಿಂದ ಬರುವ ಹೆಣ್ಣಿನ ಕಡೆಯವರಿಗೆ. ಅದರ ವಾಸನೆ ಮುಟ್ಟಿದ್ದು ಮಾತ್ರ ಬೇರೆಯವರಿಗೆ.

ಶ್ರೇಣಿಕ ಘಟ್ಟದ ಕಾಡಿನಲ್ಲಿ ಸಿಂಗಳೀಕಗಳ ಬೆನ್ನು ಹತ್ತಿ, ಅವು ಯಾವ ಮರದಲ್ಲಿ ಮಲಗುತ್ತವೆ, ಯಾವ ಹಣ್ಣು ತಿಂದು ಬೀಜವನ್ನು ಎಲ್ಲಿ ಉದುರಿಸುತ್ತವೆ ಎಂದು ಸಂಶೋಧನೆ ಮಾಡುವವನು. ಇಂಥ ಮಂಗಗಳಿಲ್ಲದೆ ಮಳೆಕಾಡು ಬೆಳೆಯದು ಎಂದು ಅವನು ಹೇಳಿದರೆ ಪಂಡಿತರು ತಲೆದೂಗುತ್ತಿದ್ದರು. ಹೆಣ್ಣು ಕೊಡುವವರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಹಾಗೆ ಕೈತಪ್ಪಿದ ಸಂಬಂಧಗಳು ಎಷ್ಟೋ. ಇದೂ ತಪ್ಪಿದರೆ ಮಗ ಕಾಡುಪಾಲಾದನೆಂದೇ ತಾಯಿಯ ಲೆಕ್ಕ.

"ಇವತ್ತೊಂದಿನ ಬಾಯಾಗ ಮಂಗ್ಯಾನ ಹೆಸರ ತರಬ್ಯಾಡಪಾ. ಸಕ್ಕರಿ ಫ್ಯಾಕ್ಟರಿ ಲ್ಯಾಬಿನ್ಯಾಗ ಅದಾನಂತ ಹೇಳೀನಿ."

"ಆಯಿ, ಸುಳ್ಳ ಹೇಳೂದ ಪಾಪ ಅಲ್ಲೇನ?"

"ಲಗ್ನ ಆಗಲಿ. ಬಸದಿಗಿ ಹೋಗಿ ಪ್ರಾಯಶ್ಚಿತ್ತ ಮಾಡ್ಕೊಳ್ಳೂನು."

ಮಧ್ಯಾಹ್ನ ಕಳೆದಿತ್ತು. ಎದುರು ಮನೆಯ ಜನಾಬಾಯಿ ಇಡೀ ಓಣಿಗೆ ಕೇಳುವಂತೆ ಕೂಗಿದಳು, "ಶ್ರೇಣ್ಯಾ, ನಿಮ್ಮ ಮಂದಿ ಬಂದಾರ ನೋಡೋ!"

ಮಾಳಿಗೆಯ ಮೇಲೆ ಕರಿಮುಖದ ಮುಸುವಗಳ ಹಿಂಡು ಪಂಕ್ತಿ ಊಟಕ್ಕೆ ಕುಳಿತಂತೆ ಕುಳಿತಿತ್ತು. ಶ್ರೇಣಿಕ ಬಡಿಗೆ ಎತ್ತಿದ. "ಜೀವಹಿಂಸಾ ಮಾಡಬ್ಯಾಡೋ!" ಎಂದು ತಾಯಿ ಅದನ್ನು ಕಸಿದುಕೊಂಡರು. ಅಹಿಂಸೆಯ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ರಜೆ ಇದ್ದದ್ದು ಸತ್ಯಕ್ಕೆ ಮಾತ್ರ.

ಹೆಣ್ಣಿನ ಕಡೆಯವರ ಕಾರು ಉಗಾರ ದಾಟಿತೆಂದು ಫೋನ್ ಬಂತು. ಆಗ ಪಕ್ಕದ ಮನೆಯ ಶ್ರೀಪಾಲ ಓಡಿ ಬಂದ. ಅವನೂ ಮದುವೆಯಾಗದವನೇ. ಟೆಂಪೋಗೆ ಮೈಕು ಕಟ್ಟಿಕೊಂಡು ಊರೂರು ತಿರುಗಿ ಸ್ಟೀಲಿನ ಭಾಂಡೆ-ಪಾತ್ರೆ ಮಾರುವುದು ಅವನ ಕಸುಬು.

"ನಿನ್ನ ಫೋನಿನ್ಯಾಗ ಚಿರತಿ ಧ್ವನಿ ಐತಿ ಅಂದಿದ್ದೆಲ್ಲ? ಕೊಡಿಲ್ಲೆ. ಮೈಕಿನ್ಯಾಗ ಹಚ್ಚತೀನಿ. ಕಲ್ಲೂ ಬ್ಯಾಡ, ಬಡಿಗೀನೂ ಬ್ಯಾಡ."

ಶತ್ರುವಿನ ಧ್ವನಿ ಕೇಳಿದರೆ ಮಂಗಗಳು ಏನು ಮಾಡುತ್ತವೆಂದು ಪರೀಕ್ಷಿಸಲು ಇಟ್ಟುಕೊಂಡ ಧ್ವನಿ ಅದು. ಶ್ರೇಣಿಕ ಫೋನು ಕೊಟ್ಟ. ಶ್ರೀಪಾಲನ ಬೆರಳು ಮೊದಲು ಒತ್ತಿದ್ದು ಗಂಡು ಮುಸುವದ ಕೂಗನ್ನು. 'ಊಪ್, ಊಪ್' ಎಂದು ಮೈಕು ಅರಚಿದ್ದೇ ತಡ, ಇದ್ಯಾವನು ಹೊಸ ಯಜಮಾನ ಎಂದು ನೋಡಲು ಊರಿನ ಉಳಿದ ಮುಸುವಗಳೂ ಬಂದು ಓಣಿ ತುಂಬಿದವು.

"ಅದಲ್ಲಲೇ! ಅದರ ಕೆಳಗಿಂದು ಒತ್ತ!"

ಎರಡನೆಯ ಸಲ ಚಿರತೆ ಗರಗಸ ಎಳೆದಂತೆ ಗುಟುರು ಹಾಕಿತು. ಮುಸುವಗಳು ದಿಕ್ಕಾಪಾಲಾದವು. ಅವುಗಳ ಹಿಂದೆಯೇ ಜನಾಬಾಯಿಯ ಎಮ್ಮೆ ಗೂಟ ಕಿತ್ತಿತು, ಕಬ್ಬು ಕಡಿಯುವವರು ಟ್ರ್ಯಾಕ್ಟರ್ ಹತ್ತಿದರು. ಅವರಲ್ಲೊಬ್ಬ ಭೀಮಸಿಯಂತೂ ಚಿರತೆಯ ಬಾಲವನ್ನು ಕಣ್ಣಾರೆ ಕಂಡೆನೆಂದು ಆಣೆ ಮಾಡಿದ. ಶ್ರೀಪಾಲ ಹುರುಪೆದ್ದು, ಮುಸುವಗಳನ್ನು ಊರಾಚೆ ದಾಟಿಸಲು ಚಿರತೆಯ ಸಮೇತ ಟೆಂಪೋ ಓಡಿಸಿಕೊಂಡು ಹೋದ. ಆ ಗದ್ದಲದಲ್ಲೇ ನಿಪ್ಪಾಣಿಯ ಕಾರು ಬಂದು ನಿಂತಿತು.

ತಾನೇ ಬಂದು ಹುಡುಗನನ್ನು ನೋಡುತ್ತೇನೆಂದು ಹಟ ಹಿಡಿದು ಬಂದಿದ್ದ ಬ್ರಾಹ್ಮಿ ಕಾರಿನಿಂದಿಳಿದು, ಹೋಗುತ್ತಿದ್ದ ಟೆಂಪೋ ಕಡೆಗೇ ನೋಡುತ್ತ ನಕ್ಕಳು. ಆ ನಗು ಕಂಡು ಶ್ರೇಣಿಕ ಅಲ್ಲೇ ಸೋತುಹೋದ.

ಒಳಗೆ ಕುಳಿತ ಮೇಲೆ ಅವಳ ತಂದೆ ಭಾವುಸಾಹೇಬರು ಕೇಳಿದರು, "ಇಲ್ಲೆ ಮಂಗ್ಯಾಗೋಳ ಬಾಳ ಅದಾವೇನ್ರಿ?"

ಶ್ರೇಣಿಕ ತಾಯಿಯ ಮುಖ ನೋಡಿದ. "ನನಗ ಗೊತ್ತಿಲ್ರಿ. ಮಂಗ್ಯಾ ಅಂದ್ರ ನನಗ ಮೈ ಉರಿತೈತ್ರಿ. ನಾ ಆತು, ನನ್ನ ಸಕ್ಕರಿ ಆತು."

"ಮತ್ತ ಕಾಡಂದ್ರ?" ಬ್ರಾಹ್ಮಿ ಕೇಳಿದಳು.

"ಕಾಡಿನ ದಿಕ್ಕಿಗಿ ತಲಿ ಇಟ್ಟ ಸುದ್ದಾ ಮಲಗೂದಿಲ್ರಿ!"

ಅವಳ ಮುಖ ಬಾಡಿತು. ಭಾವುಸಾಹೇಬರು ಸಂಕೋಚದಿಂದ ಗಂಟಲು ಸರಿಮಾಡಿಕೊಂಡರು. "ತಪ್ಪ ತಿಳೀಬ್ಯಾಡ್ರಿ. ನಮ್ಮ ಬ್ರಾಹ್ಮಿ ಶರಾವತಿ ಕಡೆ ಕಾಡಿಗಿ ಹೊಂಟಾಳ, ಸಿಂಗಳೀಕದ ಮ್ಯಾಲ ಸಂಶೋಧನಾ ಮಾಡಾಕ. ಮಂಗ್ಯಾನ ಮ್ಯಾಲ ಜೀವ ಇದ್ದಾವನ ಗಂಡ ಆಗಬೇಕಂತ ಆಕಿ ಹಟ."

ಶ್ರೇಣಿಕ ಚಂಗನೆ ಎದ್ದ. "ನಾನೂ ಸಿಂಗಳೀಕದಾವನ ರೀ!"

"ಈಗರೆ ಮೈ ಉರಿತೈತಿ ಅಂದ್ರೆಲ್ಲ? ಹುಡುಗಿ ಮನಸಿಗಿ ಬಂದ ಕೂಡ್ಲೆ ಸಿಂಗಳೀಕ ಆದ್ರೇನು?" ಎಂದರು ಭಾವುಸಾಹೇಬರು.

"ಖರೇನ ರೀ! ನನ್ನ ಫೋನ ನೋಡ್ರಿ..." ಕಿಸೆಗೆ ಕೈ ಹಾಕಿದ. ಕಿಸೆ ಖಾಲಿ. ತಾಯಿಯ ಕಡೆ ತಿರುಗಿದರೆ ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ಗರಬಡಿದಂತೆ ಕುಳಿತಿದ್ದರು.

ಅಷ್ಟರಲ್ಲಿ ಬೆವರೊರೆಸಿಕೊಳ್ಳುತ್ತ ಶ್ರೀಪಾಲ ಒಳಬಂದ. ಬ್ರಾಹ್ಮಿಯ ಕಣ್ಣರಳಿದವು. "ಚಿರತಿ ಧ್ವನಿ ಹಚ್ಚಿದವರು ನೀವೇನ್ರಿ? ಒಂದ ಕಲ್ಲ ಒಗೀಲಾರದ ಅಷ್ಟೂ ಮಂಗ್ಯಾ ಓಡಿಸಿದ್ರೆಲ್ಲ!"

ಶ್ರೀಪಾಲ ಗೆಳೆಯನನ್ನು ನೋಡಿದ, ಹುಡುಗಿಯನ್ನು ನೋಡಿದ, ಕೈಯಲ್ಲಿದ್ದ ಫೋನನ್ನು ನೋಡಿದ.

"ಹೌದ್ರಿ," ಎಂದ. "ಪ್ರಾಣಿ ಮ್ಯಾಲ ನನಗ ಮೊದಲಿಂದ್ಲೂ ಬಾಳ ಜೀವ."

ಹೊತ್ತು ಮುಳುಗುವುದರೊಳಗೆ ಬೀಗರ ಊಟ ಆಗಬೇಕಿತ್ತು. ಆಯಿತು, ಶ್ರೀಪಾಲನ ಮನೆಯಲ್ಲಿ. ಮುಸುವಗಳು ಉಳಿಸಿದ್ದ ಹೋಳಿಗೆಯನ್ನೂ ಅವನ ತಾಯಿ ಕೇಳಿ ಇಸಿದುಕೊಂಡು ಹೋದಳು.

ಕಾರು ಹೋದ ಮೇಲೆ ಶ್ರೀಪಾಲ ಫೋನು ಮರಳಿಸಲು ಬಂದ. ಕ್ಷಮೆ ಕೇಳುತ್ತಾನೇನೋ ಎಂದು ಶ್ರೇಣಿಕ ಮುಖ ತಿರುಗಿಸಿ ಕುಳಿತ.

"ದೋಸ್ತಾ, ನಾಳೆ ಆಕೀ ಫೋನ ಬರತೈತಿ," ಎಂದ ಶ್ರೀಪಾಲ ಮೆತ್ತಗೆ. "ಸಿಂಗಳೀಕ ಅಂದ್ರ ಏನ, ಅದ ಎಲ್ಲಿರತೈತಿ, ಒಂದೀಟ ಹೇಳಿಕೊಡೋ."

ಶ್ರೇಣಿಕನಿಗೆ ಮೈಯೆಲ್ಲ ಉರಿಯಿತು. ಎದ್ದು ಕೊರಳಪಟ್ಟಿ ಹಿಡಿಯಬೇಕೆಂದುಕೊಂಡ. ಆದರೆ ಐನಾಪುರದಲ್ಲಿ ಇಷ್ಟು ವರ್ಷ ಅವನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

"ಕುಂಡ್ರ ಇಲ್ಲೆ," ಎಂದು ಚಾಪೆ ಎಳೆದ. "ಮೊದಲ ಅದರ ಬಾಲದ ಸುದ್ದಿ ಕೇಳ..."