ಕೈಗಂಟಿದ ನೌಕೆ

ಭಾಸ್ಕರ ಆವತ್ತು ಮೆಲ್ಬರ್ನಿಗೆ ಒಬ್ಬನೇ ಹೋಗಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ತೊಂಬತ್ತೆರಡರ ಮಾತು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದವನಿಗೆ ಸಿಡ್ನಿಯಲ್ಲಿ ಏಳು ತಿಂಗಳಾದರೂ ಕೆಲಸವಿಲ್ಲ. ಅಲ್ಲಿನ ಟೂಂಗಾಬಿ ಬಡಾವಣೆಯ ಮೂರ್ತಿ ಅಂಕಲ್ ಮನೆಯ ಹಿಂದಿನ ರೂಮಿನಲ್ಲಿ ಬಿದ್ದುಕೊಂಡಿದ್ದ. ಕೆಲಸ ಸಿಕ್ಕಿದರೆ ಮಾತ್ರ ಮೈಸೂರಿನಲ್ಲಿದ್ದ ಹೆಂಡತಿ ಅಪರ್ಣಳನ್ನು ಕರೆಸಿಕೊಳ್ಳಬಹುದು. ಅವಳ ಕಾಗದಗಳು ಬರಬರುತ್ತ ಗಿಡ್ಡವಾಗುತ್ತಿದ್ದವು.

ಕಡೆಗೊಮ್ಮೆ ಮೆಲ್ಬರ್ನಿನ ವಿಮಾನ ಮ್ಯೂಸಿಯಮ್ಮೊಂದು ಇಂಟರ್‌ವ್ಯೂಗೆ ಕರೆಯಿತು. ನೆಲಕ್ಕಿಳಿದ ಬಾಹ್ಯಾಕಾಶ ನೌಕೆಯನ್ನು ದೊಡ್ಡ ವಿಮಾನ ಬೆನ್ನ ಮೇಲೆ ಹೊತ್ತು ವಾಪಸು ಒಯ್ಯುವುದು ಹೇಗೆಂದು ಶಾಲೆಯ ಮಕ್ಕಳಿಗೆ ವಿವರಿಸುವವರು ಬೇಕಿತ್ತು. ಭಾಸ್ಕರ ಮೂರು ವಾರ ಕೂತು ಎರಡರದ್ದೂ ಮಾದರಿ ಮಾಡಿದ.

"ನೀನು ಬಾಯೇ ಬಿಡಲ್ಲ ಕಣಯ್ಯ. ನಾನೂ ಬರ್ತೀನಿ," ಎಂದರು ಮೂರ್ತಿ. ಹನ್ನೊಂದು ವರ್ಷದಿಂದ ಸಿಡ್ನಿಯ ಅಂಚೆಯಲ್ಲಿ ಕಾಗದ ವಿಂಗಡಿಸುತ್ತಿದ್ದವರು; ಮಗಳು ಮಾತ್ರ ಮೆಲ್ಬರ್ನಿನಲ್ಲಿದ್ದಳು. ಇರಲು ಜಾಗ ಕೊಟ್ಟ ಹಿರಿಯರಿಗೆ ಬೇಡವೆನ್ನುವುದು ಹೇಗೆ?

ಮೆಲ್ಬರ್ನಿನಲ್ಲಿ ಟ್ಯಾಕ್ಸಿ ಗಕ್ಕನೆ ನಿಂತಿತು. ಮಾದರಿ ವಿಮಾನ ಮೂರ್ತಿಯವರ ತೊಡೆಯ ಮೇಲೇ ಉಳಿಯಿತು. ನೌಕೆ ಕಿತ್ತುಕೊಂಡು ಹೋಗಿ ಡ್ರೈವರನ ಕತ್ತಿಗೆ ಬಡಿಯಿತು.

"ಅಯ್ಯೋ, ಅದಕ್ಯಾಕೆ ಹರಳೆಣ್ಣೆ ಕುಡಿದೋನ ಥರ ಮುಖ ಮಾಡ್ತೀಯ? ಸೂಪರ್ ಗ್ಲೂ ತಂದಿದೀನಿ. ಹಿಡ್ಕೋ!" ಎಂದು ಅಂಕಲ್ ಟ್ಯೂಬನ್ನು ಹಿಂಡೇ ಹಿಂಡಿದರು. ನೌಕೆ ವಿಮಾನಕ್ಕೆ ಅಂಟಲಿಲ್ಲ. ಭಾಸ್ಕರನ ಬಲಗೈಗೆ ಅಂಟಿತು.

ಮ್ಯೂಸಿಯಮ್ಮಿನ ಒಳಗೆ ಮೂವರು ಅಧಿಕಾರಿಗಳು ಎದ್ದು ಕೈ ಚಾಚಿದರು. ಬಲಗೈಯಲ್ಲಿ ನೌಕೆ. ಎಡಗೈ ಕೊಟ್ಟರೆ ಅವಮರ್ಯಾದೆಯಲ್ಲವೇ? ಭಾಸ್ಕರ ಕಂಬದಂತೆ ನಿಂತ. ಮೂರ್ತಿಯೇ ಮುಂದೆ ನುಗ್ಗಿ ಮೂವರ ಕೈ ಕುಲುಕಿ, ಇದ್ದ ಒಂದೇ ಕುರ್ಚಿಯಲ್ಲಿ ಕೂತು ಶುರುಮಾಡಿದರು. ತಾನು ಮನೆಯಲ್ಲಿ ಊಟದ ಹೊತ್ತಿನಲ್ಲಿ ನೌಕೆಯ ಬಗ್ಗೆ ಹೇಳಿದ್ದನ್ನೆಲ್ಲ ಭಾಸ್ಕರ ಅವರ ಬಾಯಿಂದ ಕೇಳಿದ. ದೊಡ್ಡವರು ಮಾತಾಡುವಾಗ ಅಡ್ಡ ಬಾಯಿ ಹಾಕಿ ಅವನಿಗೆ ಅಭ್ಯಾಸವಿರಲಿಲ್ಲ. ಅಂಕಲ್ ಸನ್ನೆ ಮಾಡಿದಾಗೆಲ್ಲ ಕೈಯೆತ್ತಿ ನೌಕೆ ತೋರಿಸಿದ.

ಅರ್ಧ ಗಂಟೆ ಹೊರಗೆ ಕಾದ ಮೇಲೆ ಮೂರ್ತಿಯವರನ್ನು ಮಾತ್ರ ಒಳಗೆ ಕರೆದರು. ಅವರು ಬೆವರೊರೆಸಿಕೊಳ್ಳುತ್ತ ಹೊರಬಂದರು.

"ಹೆಂಗ್ ಹೇಳ್ಲೋ ಭಾಸ್ಕರ... ಕೆಲಸ ನಂಗೇ ಕೊಟ್ಬಿಟ್ರು! ಅರ್ಜಿ ನಂದಲ್ಲ ಅಂದೆ. ಅರ್ಜಿ ಯಾರದಾದ್ರೇನು, ನಮಗೆ ಮಾತಾಡೋರು ಬೇಕು ಅಂದ್ರು."

ಭಾಸ್ಕರ ಎದ್ದು ನಿಂತ. "ನೀವು ಒಪ್ಕೊಂಡ್ರಾ ಅಂಕಲ್?"

"ಮಗಳು ಇಲ್ಲೇ ಇದಾಳಲ್ಲಪ್ಪ, ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ." ಮೂರ್ತಿ ಅವನ ಹೆಗಲ ಮೇಲೆ ಕೈಯಿಟ್ಟರು. "ತಿಂಗಳ ಕೊನೆಗೆ ಟೂಂಗಾಬಿ ಮನೆ ಖಾಲಿ ಮಾಡ್ತೀವಿ. ನೀನೂ ಎಲ್ಲಾದ್ರೂ ಒಂದು ರೂಮ್ ನೋಡ್ಕೊಂಡ್ಬಿಡು."

ಭಾಸ್ಕರನಿಗೆ ಅಳು ಬಂತು.

"ಕಂಗ್ರಾಟ್ಸ್ ಅಂಕಲ್," ಎಂದ.